ಮಂಗಳವಾರದ ಬಸ್ಸು, ನಲವತ್ತು ನಿಮಿಷದ ಡ್ರಿಪ್ಪು

ಮೆಕ್ಕೆಜೋಳ ಮುರಿಯೋ ಹೊತ್ತು. ನ್ಯಾಮತಿ ಕಡೆಯ ನಮ್ಮ ದೊಡ್ಡಮ್ಮ ಫೋನ್ ಮಾಡಿದ್ರು. "ಅದೇನೋ ಹೊಸ ಇಂಜೆಕ್ಷನ್ ಬಂದೈತಂತಲ್ಲೋ. ಒಂದು ಡ್ರಿಪ್ ಹಾಕಿದ್ರೆ ಒಂದೇ ದಿನಕ್ಕೆ ಮನಸ್ಸು ಸರಿ ಹೋಗುತ್ತಂತೆ. ಬೆಂಗಳೂರಾಗೆ ಎಲ್ಲಿ ಹಾಕ್ತಾರೆ ನೋಡಿ ಹೇಳು. ಹತ್ತು ಗುಂಟೆ ಅಡಿಕೆ ತೋಟ ಹೋದ್ರೂ ಹೋಗ್ಲಿ."

ಅವರ ಮಗ, ಅಂದ್ರೆ ನಮ್ಮಣ್ಣ, ನಾಲ್ಕು ವರ್ಷದಿಂದ ಖಿನ್ನತೆಯಲ್ಲಿದ್ದಾನೆ. ಯಾರೋ ಕಳಿಸಿದ ವಾಟ್ಸಾಪ್ ವಿಡಿಯೋದಲ್ಲಿ ಅವರು ನೋಡಿದ್ದ ಔಷಧಿ ಕೆಟಮಿನ್. ನಾನು ಓದಿದ್ದು ಬಿಇ. ಆದರೆ ನಮ್ಮ ಕಡೆ ಬಿಇ ಓದಿದವನಿಗೆ ಮೋಟಾರ್ ಪಂಪಿನಿಂದ ಹಿಡಿದು ಮೂತ್ರಪಿಂಡದವರೆಗೆ ಎಲ್ಲಾ ಗೊತ್ತಿರುತ್ತೆ ಅಂತ ಲೆಕ್ಕ. ಸರಿ, ಓದೋಕೆ ಕೂತೆ. ಓದ್ತಾ ಹೋದ ಹಾಗೆ ಈ ಔಷಧಿ ನನಗೆ ಚಿಕ್ಕಂದಿನಿಂದಲೂ ಪರಿಚಯ ಅನ್ನೋದು ಗೊತ್ತಾಯ್ತು. ತೋಟಕ್ಕೆ ನುಗ್ಗಿದ ಚಿರತೆಗೆ ಅರಣ್ಯ ಇಲಾಖೆಯವರು "ಮತ್ತು ಬರ್ಸೋ ಇಂಜೆಕ್ಷನ್" ಹೊಡೀತಾರಲ್ಲ, ಅದರಲ್ಲಿ ಸಾಮಾನ್ಯವಾಗಿ ಇರೋದು ಜೈಲಜಿನ್ ಜೊತೆ ಇದೇ ಕೆಟಮಿನ್.

ಕಥೆ ಶುರುವಾಗೋದು ಅಮೆರಿಕದ ಡೆಟ್ರಾಯ್ಟ್‌ನಲ್ಲಿ. ಪಾರ್ಕ್-ಡೇವಿಸ್ ಕಂಪನಿ 1950ರ ದಶಕದಲ್ಲಿ ಫೆನ್‌ಸೈಕ್ಲಿಡಿನ್ ಅನ್ನೋ ಅರಿವಳಿಕೆ ತಯಾರಿಸಿತ್ತು. ಆಪರೇಷನ್ನೇನೋ ಚೆನ್ನಾಗಿ ಆಗ್ತಿತ್ತು, ಆದರೆ ಎದ್ದ ಮೇಲೆ ರೋಗಿಗಳು ಗಂಟೆಗಟ್ಟಲೆ ಭ್ರಮೆಯಲ್ಲಿ ಒದ್ದಾಡ್ತಿದ್ರು. ಅದಕ್ಕಿಂತ ಸೌಮ್ಯವಾದ ಸೋದರ ಬೇಕು ಅಂತ 1962ರಲ್ಲಿ ಕ್ಯಾಲ್ವಿನ್ ಸ್ಟೀವನ್ಸ್ ಎಂಬ ರಸಾಯನಶಾಸ್ತ್ರಜ್ಞ ಮಾಡಿದ್ದೇ ಕೆಟಮಿನ್. 1964ರಲ್ಲಿ ಎಡ್ವರ್ಡ್ ಡಾಮಿನೋ ಅದನ್ನು ಮೊದಲ ಬಾರಿಗೆ ಮನುಷ್ಯರಿಗೆ ಕೊಟ್ಟರು. ಯಾರಿಗೆ? ಮಿಷಿಗನ್ನಿನ ಜಾಕ್ಸನ್ ಜೈಲಿನ ಕೈದಿಗಳಿಗೆ. ಸ್ವಯಂಸೇವಕರು ಅಂತ ದಾಖಲೆ ಹೇಳುತ್ತೆ. ಜೈಲಿನೊಳಗೆ ಇರುವವನು ಎಷ್ಟರಮಟ್ಟಿಗೆ ಸ್ವಯಂಸೇವಕ ಅನ್ನೋದನ್ನ ನೀವೇ ಯೋಚನೆ ಮಾಡಿ. ಕಣ್ಣು ಬಿಟ್ಟಿದ್ರೂ ತಾವು ಅಲ್ಲಿಲ್ಲ, ಎಲ್ಲೋ ತೇಲ್ತಿದ್ದೀವಿ ಅಂತ ಅವರು ಹೇಳಿದ್ದನ್ನ ಏನಂತ ಕರೆಯೋದು ಅಂತ ಡಾಮಿನೋ ತಲೆ ಕೆಡಿಸಿಕೊಂಡಾಗ, ದೇಹದಿಂದ ಮನಸ್ಸು "ಬೇರ್ಪಟ್ಟ" ಸ್ಥಿತಿ ಅಂತ ಹೆಸರು ಸೂಚಿಸಿದ್ದು ಅವರ ಹೆಂಡತಿಯಂತೆ. ಆ ಹೆಸರು ಇವತ್ತಿಗೂ ಪಠ್ಯಪುಸ್ತಕದಲ್ಲಿದೆ.

1970ರಲ್ಲಿ ಅಮೆರಿಕ ಇದಕ್ಕೆ ಅನುಮತಿ ಕೊಟ್ಟಿತು. ವಿಯೆಟ್ನಾಂ ಯುದ್ಧಭೂಮಿಯಲ್ಲಿ ಗಾಯಾಳುಗಳಿಗೆ ಬಳಕೆಯಾಯ್ತು. ಇದರ ದೊಡ್ಡ ಗುಣ ಅಂದ್ರೆ ಉಸಿರಾಟವನ್ನ ಅಷ್ಟಾಗಿ ತಗ್ಗಿಸಲ್ಲ, ರಕ್ತದೊತ್ತಡ ಬೀಳಿಸಲ್ಲ. ದೊಡ್ಡ ಯಂತ್ರಗಳಿಲ್ಲದ, ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿಲ್ಲದ ಸಣ್ಣ ಆಸ್ಪತ್ರೆಗೆ ಇದು ವರ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿ 1985ರಿಂದ ಇದೆ. ಅಂದ್ರೆ ದೊಡ್ಡಮ್ಮ "ಹೊಸ ಇಂಜೆಕ್ಷನ್" ಅಂದಿದ್ದು ನನಗಿಂತ ಹಳೇದು.

ಹೊಸದು ಅದರ ಕೆಲಸ. 2000ದಲ್ಲಿ ಯೇಲ್ ವಿಶ್ವವಿದ್ಯಾಲಯದವರು ಖಿನ್ನತೆಯ ಏಳು ರೋಗಿಗಳ ಮೇಲೆ ಮಾಡಿದ ಸಣ್ಣ ಪ್ರಯೋಗವೊಂದನ್ನ ಪ್ರಕಟಿಸಿದ್ರು. ಅರಿವಳಿಕೆಗಿಂತ ತುಂಬಾ ಕಡಿಮೆ ಪ್ರಮಾಣ. ದೇಹದ ತೂಕದ ಪ್ರತಿ ಕೆಜಿಗೆ ಅರ್ಧ ಮಿಲಿಗ್ರಾಂ, ನಲವತ್ತು ನಿಮಿಷದ ಡ್ರಿಪ್. ಮೂರು ದಿನದೊಳಗೆ ಅವರ ಖಿನ್ನತೆ ಇಳಿದಿತ್ತು. 2006ರಲ್ಲಿ ಕಾರ್ಲೋಸ್ ಜರಾಟೆ ತಂಡ, ಬೇರೆ ಔಷಧಿಗಳಿಗೆ ಬಗ್ಗದ 18 ಜನರ ಮೇಲೆ ನೋಡಿತು. ಮರುದಿನವೇ ಶೇ. 71ರಷ್ಟು ಜನರಿಗೆ ಒಳ್ಳೆ ಪರಿಣಾಮ. ಆದರೆ ಒಂದು ವಾರದ ಮಟ್ಟಿಗೆ ಅದು ಉಳಿದದ್ದು ಶೇ. 35 ಜನರಲ್ಲಿ ಮಾತ್ರ. ವಿಡಿಯೋ ಮಾಡುವವರು ಮೊದಲನೇ ಅಂಕಿ ಹೇಳ್ತಾರೆ, ಎರಡನೇದನ್ನ ನುಂಗ್ತಾರೆ.

ಮಿದುಳಿನಲ್ಲಿ ಗ್ಲುಟಮೇಟ್ ಅನ್ನೋ ರಾಸಾಯನಿಕ ಕೆಲಸ ಮಾಡುವ ಒಂದು ಬಗೆಯ ಗ್ರಾಹಕವನ್ನ ಕೆಟಮಿನ್ ತಡೆಯುತ್ತೆ. ಅದರ ಬೆನ್ನಿಗೆ ನರಕೋಶಗಳ ನಡುವೆ ಹೊಸ ಸಂಪರ್ಕಗಳು ಚಿಗುರೋದು ಇಲಿಗಳಲ್ಲಿ ಕಂಡಿದೆ. ನಮ್ಮ ಸಾಫ್ಟ್‌ವೇರ್ ಮಂದಿ ಇದನ್ನ "ಮಿದುಳಿನ ರೀಬೂಟ್" ಅಂತಾರೆ. ನನಗೆ ಆ ಮಾತು ಸೇರಲ್ಲ. ರೀಬೂಟ್ ಆದ ಮೆಷಿನ್ ಅದೇ ಹಳೇ ಸಾಲ, ಅದೇ ಬತ್ತಿದ ಬೋರ್‌ವೆಲ್‌ಗೆ ವಾಪಸ್ ಬರಲ್ಲ.

2023ರಲ್ಲಿ ಅಮೆರಿಕದಲ್ಲಿ 403 ರೋಗಿಗಳ ಮೇಲೆ ಕೆಟಮಿನ್ನನ್ನೂ ಇಸಿಟಿಯನ್ನೂ ಹೋಲಿಸಿ ನೋಡಿದ್ರು. ಇಸಿಟಿ ಅಂದ್ರೆ ನಮ್ಮ ಜನ "ಕರೆಂಟ್ ಕೊಡೋದು" ಅಂತಾರಲ್ಲ, ಅದು. ಕೆಟಮಿನ್ ಪಡೆದವರಲ್ಲಿ ಶೇ. 55.4, ಇಸಿಟಿ ಪಡೆದವರಲ್ಲಿ ಶೇ. 41.2 ಜನ ಚೇತರಿಸಿಕೊಂಡ್ರು. ಕೆಟಮಿನ್ ಕಡೆ ಮರೆವಿನ ತೊಂದರೆಯೂ ಕಡಿಮೆ. ಆದರೆ ವಾಸಿಯಾದವರಲ್ಲೂ ಆರು ತಿಂಗಳೊಳಗೆ ಸುಮಾರು ಮೂವರಲ್ಲಿ ಒಬ್ಬರಿಗೆ ಕಾಯಿಲೆ ಮರುಕಳಿಸಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನವರು ಇನ್ನೊಂದು ಕುತೂಹಲದ ಕೆಲಸ ಮಾಡಿದ್ರು. ಖಿನ್ನತೆ ಇದ್ದು ಬೇರೆ ಆಪರೇಷನ್‌ಗೆ ಬಂದ 40 ಜನರಿಗೆ, ಪೂರ್ತಿ ಪ್ರಜ್ಞೆ ತಪ್ಪಿದ್ದಾಗ ಕೆಲವರಿಗೆ ಕೆಟಮಿನ್, ಕೆಲವರಿಗೆ ಬರೀ ಸಲೈನ್ ಕೊಟ್ಟರು. ಯಾವುದು ಯಾರಿಗೆ ಅಂತ ಗೊತ್ತಾಗೋಕೆ ದಾರಿಯೇ ಇಲ್ಲ. ಎರಡೂ ಗುಂಪಿನವರು ಹೆಚ್ಚುಕಮ್ಮಿ ಒಂದೇ ಥರ ಸುಧಾರಿಸಿದ್ರು! ಹಾಗಾದ್ರೆ ಕೆಲಸ ಮಾಡೋದು ಔಷಧಿಯಾ, ತೇಲಿದ ಅನುಭವವಾ, ಇಲ್ಲಾ ಭರವಸೆಯಾ? ಇದನ್ನ ಓದಿದಾಗ ನನಗೆ ಉಕ್ಕಡಗಾತ್ರಿ ನೆನಪಾಯ್ತು.

ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿ ಗೊತ್ತಿಲ್ಲದವರು ಹೊನ್ನಾಳಿ, ಚನ್ನಗಿರಿ ಕಡೆ ಯಾರೂ ಇಲ್ಲ. ತುಂಗಭದ್ರೆಯ ದಡದಲ್ಲಿ ಕರಿಬಸವೇಶ್ವರ ಅಜ್ಜಯ್ಯನ ಸನ್ನಿಧಿ. ಮನಸ್ಸು ಕೆಟ್ಟವರನ್ನ, "ಮೈಮೇಲೆ ಬಂದವರನ್ನ" ಮೊದಲು ಕರ್ಕೊಂಡು ಹೋಗೋದು ಅಲ್ಲಿಗೆ. ಅಣ್ಣನನ್ನೂ ಐದು ಅಮಾವಾಸ್ಯೆ ಕರ್ಕೊಂಡು ಹೋಗಿದ್ರು. ನಾನು ನಗಲ್ಲ. ಬೇರೆ ಬಾಗಿಲು ತೆರೆದಿದ್ದೇ ತಡವಾಗಿ.

ಬೆಂಗಳೂರಿನ ಹುಚ್ಚಾಸ್ಪತ್ರೆ ಶುರುವಾಗಿದ್ದು 1847ರಲ್ಲಿ. 1925ರಲ್ಲಿ ಅದು ಮಾನಸಿಕ ಆಸ್ಪತ್ರೆ ಆಯ್ತು, 1974ರಲ್ಲಿ ನಿಮ್ಹಾನ್ಸ್. ನಮ್ಮ ಕಡೆಯವರಿಗೆ ಆ ಹೆಸರು ಬಹಳ ಕಾಲ ಬೈಗುಳವಾಗಿಯೇ ಗೊತ್ತಿತ್ತು. ನಿಮ್ಹಾನ್ಸಿನವರೇ 1980ರ ದಶಕದ ನಡುವೆ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿದ್ರು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ ತರಬೇತಿ ಕೊಟ್ಟು ಅಲ್ಲೇ ಮಾನಸಿಕ ಕಾಯಿಲೆಗೆ ಮಾತ್ರೆ ಕೊಡಿಸೋದು. 1996ರಲ್ಲಿ ಬಂದ ರಾಷ್ಟ್ರೀಯ ಮಟ್ಟದ ಜಿಲ್ಲಾ ಕಾರ್ಯಕ್ರಮಕ್ಕೆ ಅದೇ ಮಾದರಿ. ಜಗಳೂರಿನ ಗಡಿ ದಾಟಿದ್ರೆ ಕೂಡ್ಲಿಗಿ, ಅದು ಆಗ ಬಳ್ಳಾರಿ ಜಿಲ್ಲೆ. ಜಗಳೂರು ಚಿತ್ರದುರ್ಗಕ್ಕೆ ಸೇರಿತ್ತು. ಹೊಲದ ಬದುವಿನ ಆಚೆ ಕಡೆಯವರು ಆ ಪ್ರಯೋಗದ ಒಳಗೆ, ಈ ಕಡೆಯವರು ಹೊರಗೆ. ಜಿಲ್ಲೆಯ ಗೆರೆ ಅಂದ್ರೆ ಅಷ್ಟು. 1997ರಲ್ಲಿ ಜೆ.ಎಚ್. ಪಟೇಲರು, ಅವರೂ ಚನ್ನಗಿರಿ ತಾಲ್ಲೂಕಿನವರೇ, ದಾವಣಗೆರೆ ಜಿಲ್ಲೆ ಮಾಡಿದ ಮೇಲೆ ಚನ್ನಗಿರಿ, ಹೊನ್ನಾಳಿ, ಜಗಳೂರು ಒಂದೇ ಗೆರೆಯೊಳಗೆ ಬಂದವು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾಯ್ತು.

2014ರಲ್ಲಿ ರಾಜ್ಯ ಸರ್ಕಾರ ಮನೋಚೈತನ್ಯ ತಂದಿತು. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರ್ತಾರೆ. 2016ರಲ್ಲಿ ದೀಪಿಕಾ ಪಡುಕೋಣೆಯವರ ಲಿವ್ ಲವ್ ಲಾಫ್ ಪ್ರತಿಷ್ಠಾನ ತನ್ನ ಗ್ರಾಮೀಣ ಕೆಲಸ ಶುರು ಮಾಡಿದ್ದೂ ನಮ್ಮ ಜಿಲ್ಲೆಯಿಂದಲೇ. ಆದರೂ ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ಮಾಡಿದ ಸಮೀಕ್ಷೆ ಪ್ರಕಾರ ಖಿನ್ನತೆ ಇರುವ ನೂರರಲ್ಲಿ ಸುಮಾರು 85 ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಕೆಟಮಿನ್ನಿನ ಅಪಾಯಗಳನ್ನೂ ಹೇಳಬೇಕು. ಡ್ರಿಪ್ ನಡೆಯುವಾಗ ರಕ್ತದೊತ್ತಡ ಏರುತ್ತೆ, ತಲೆ ತೇಲುತ್ತೆ, ಕೆಲವರಿಗೆ ಭಯವಾಗುತ್ತೆ. ಆಗಾಗ ಹೆಚ್ಚು ತಗೊಳ್ಳೋರಿಗೆ ಚಟ ಹತ್ತುತ್ತೆ, ಮೂತ್ರಕೋಶ ಹಾಳಾಗುತ್ತೆ. ಎಸ್ಕೆಟಮಿನ್ ಮೂಗಿನ ಸ್ಪ್ರೇಗೆ 2019ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಾಗಲೂ, ಕ್ಲಿನಿಕ್ಕಿನಲ್ಲೇ ತಗೋಬೇಕು, ಎರಡು ಗಂಟೆ ನಿಗಾದಲ್ಲಿ ಕೂರಬೇಕು ಅಂತ ಷರತ್ತು ಹಾಕಿತು. "ಫ್ರೆಂಡ್ಸ್" ನೋಡಿ ಬೆಳೆದ ನಮಗೆಲ್ಲ ಮ್ಯಾಥ್ಯೂ ಪೆರಿಯ ಸುದ್ದಿ ಗೊತ್ತು. 2023ರ ಅಕ್ಟೋಬರ್ 28ರಂದು ಸತ್ತಾಗ ಅವರ ರಕ್ತದಲ್ಲಿ ಆಪರೇಷನ್ನಿಗೆ ಕೊಡುವಷ್ಟು ಕೆಟಮಿನ್ ಇತ್ತು. ಅವರು ವೈದ್ಯರ ನಿಗಾದಲ್ಲಿ ಚಿಕಿತ್ಸೆ ಪಡೀತಿದ್ದದ್ದೂ ನಿಜ, ಆ ದಿನ ದೇಹದಲ್ಲಿದ್ದದ್ದು ಆ ಚಿಕಿತ್ಸೆಯದ್ದಲ್ಲ ಅನ್ನೋದೂ ನಿಜ. ಭಾರತದಲ್ಲಿ 2011ರಲ್ಲೇ ಇದನ್ನ ಎನ್‌ಡಿಪಿಎಸ್ ಕಾಯ್ದೆಯ ಕೆಳಗೆ, 2013ರಲ್ಲಿ ಷೆಡ್ಯೂಲ್ ಎಕ್ಸ್‌ಗೆ ತಂದ್ರು. ಹಾಗಾಗಿ "ಮನೆಗೇ ಬಂದು ಹಾಕ್ತೀವಿ" ಅನ್ನುವವನನ್ನ ನಂಬಬೇಡಿ.

ಇಷ್ಟಾದ ಮೇಲೂ ನನ್ನ ಮನಸ್ಸು ಕೆಟಮಿನ್ ಕಡೆಗೇ ವಾಲುತ್ತಿತ್ತು. ಕಾರಣ ಅದರ ವೇಗ. ಮಾಮೂಲಿ ಮಾತ್ರೆ ಕೆಲಸ ಮಾಡೋಕೆ ನಾಲ್ಕರಿಂದ ಆರು ವಾರ ಬೇಕು. ಕೊಟ್ಟಿಗೆಯ ಅಟ್ಟದ ಮೇಲೆ ಕೀಟನಾಶಕದ ಬಾಟಲಿ ಇರೋ ಮನೆಯಲ್ಲಿ ಆರು ವಾರ ಅಂದ್ರೆ ಎಷ್ಟು ಉದ್ದ ಅಂತ ದೊಡ್ಡಮ್ಮನಿಗೆ ಗೊತ್ತು. ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಶನಿವಾರ ರಾತ್ರಿ ಬಸ್ಸಿಗೆ ಊರಿಗೆ ಹೋದೆ. ಅಣ್ಣನ ಚೀಟಿಗಳಿದ್ದ ಪ್ಲಾಸ್ಟಿಕ್ ಕವರ್ ಬಿಚ್ಚಿ ಜಗಲಿ ಮೇಲೆ ಹರಡಿದೆ. ನಾಲ್ಕು ವರ್ಷ, ಐದು ಡಾಕ್ಟರು, ಮೂರು ಊರು. ಒಂದೊಂದು ಮಾತ್ರೆಯನ್ನೂ ಎಷ್ಟು ದಿನ ತಗೊಂಡೆ ಅಂತ ಕೇಳಿದೆ. "ಹತ್ತು ದಿನ. ಹನ್ನೆರಡು ದಿನ. ನಿದ್ದೆ ಬರ್ತಿತ್ತು ಕಣೋ, ಟ್ರ್ಯಾಕ್ಟರ್ ಓಡ್ಸೋಕೆ ಆಗ್ತಿರ್ಲಿಲ್ಲ." ಎರಡು ಔಷಧಿಗಳನ್ನ ಸರಿಯಾದ ಪ್ರಮಾಣದಲ್ಲಿ, ಸರಿಯಾದಷ್ಟು ದಿನ ತಗೊಂಡೂ ಗುಣವಾಗದಿದ್ರೆ ಮಾತ್ರ ವೈದ್ಯರು ಅದನ್ನ "ಔಷಧಿಗೆ ಬಗ್ಗದ ಖಿನ್ನತೆ" ಅಂತಾರೆ. ಕೆಟಮಿನ್ನಿನ ಹೆಚ್ಚಿನ ಪ್ರಯೋಗಗಳು ಅಂಥವರ ಮೇಲೇ ಆದದ್ದು. ನಮ್ಮಣ್ಣ ಒಂದನ್ನೂ ಪೂರ್ತಿ ನುಂಗಿರಲಿಲ್ಲ.

ರಜೆ ಹಾಕಿ ಮಂಗಳವಾರ ಅವನ ಜೊತೆ ತಾಲ್ಲೂಕು ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಚೀಟಿಗಳನ್ನೆಲ್ಲ ನೋಡಿ, ಮಾತ್ರೆಯನ್ನ ರಾತ್ರಿಗೆ ಬದಲಾಯಿಸಿ, ದೊಡ್ಡಮ್ಮನ ಕಡೆ ತಿರುಗಿ, "ಎಣ್ಣೆ ಬಾಟ್ಲಿ ಎಲ್ಲಾ ಬೇರೆಯವರ ಮನೇಲಿಡಿ, ಕೀಲಿ ನಿಮ್ಮತ್ರ ಇರ್ಲಿ" ಅಂದ್ರು. ರಾತ್ರಿ ಹೊತ್ತು ಏನಾದ್ರೂ ಆದ್ರೆ ಅಂತ ಟೆಲಿಮಾನಸ್‌ನ 14416 ನಂಬರನ್ನ ಅಣ್ಣನ ಫೋನಿಗೆ ತಾವೇ ಹಾಕಿಕೊಟ್ರು. ನಾನು ಕೆಟಮಿನ್ ಬಗ್ಗೆ ಕೇಳಿದೆ. ನಕ್ಕರು, ಆದರೆ ತಳ್ಳಿ ಹಾಕಲಿಲ್ಲ. ಇದನ್ನ ಆರು ವಾರ ತಗೊಳ್ಳಲಿ, ಆಗದಿದ್ರೆ ಇನ್ನೊಂದು, ಅದೂ ಆಗದಿದ್ರೆ ನಿಮ್ಹಾನ್ಸಿಗೆ ನಾನೇ ಬರೆದು ಕೊಡ್ತೀನಿ ಅಂದ್ರು.

ಅಡಿಕೆ ತೋಟ ಹಾಗೇ ಇದೆ. ನಾಲ್ಕನೇ ವಾರಕ್ಕೆ ಡೋಸ್ ಏರಿಸಿದ್ದಾರೆ. ಮೊನ್ನೆ ದೊಡ್ಡಮ್ಮ ಫೋನಿನಲ್ಲಿ, "ನಿನ್ನೆ ಅವನೇ ಎದ್ದು ಹಾಲು ಕರೆದ, ಇವತ್ತು ಮತ್ತೆ ಮಲಗ್ಯಾನೆ" ಅಂದ್ರು. ಬರೋ ಮಂಗಳವಾರಕ್ಕೆ ಆರು ವಾರ ತುಂಬುತ್ತೆ. ಬಸ್ಸು ಒಂಬತ್ತೂವರೆಗೆ.