ಮಳೆ ನಕ್ಷತ್ರಗಳ ಸೀಮೆಯಲ್ಲಿ ಆಕಾಶವೀಕ್ಷಣೆ

ಚಾಮರಾಜನಗರ ಮತ್ತು ಗುಂಡ್ಲುಪೇಟೆ ಸೀಮೆಯ ಆಕಾಶವೀಕ್ಷಣೆಯ ಇತಿಹಾಸವನ್ನು ದೂರದರ್ಶಕದಿಂದಲ್ಲ, ಮಳೆಯ ಲೆಕ್ಕದಿಂದ ಆರಂಭಿಸಬೇಕಾಗುತ್ತದೆ. ಘಟ್ಟಗಳ ಮಳೆನೆರಳಿನಲ್ಲಿರುವ ಈ ಒಣಸೀಮೆಯ ರೈತರು ಬಿತ್ತನೆಗೆ ಹದ ತರುವ ಮಳೆಗಳನ್ನು ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಎಂದು ನಕ್ಷತ್ರಗಳ ಹೆಸರಿನಿಂದಲೇ ಗುರುತಿಸುತ್ತಾ ಬಂದಿದ್ದಾರೆ. ಆಕಾಶದಲ್ಲಿ ಸೂರ್ಯನ ವಾರ್ಷಿಕ ಪಥವನ್ನು 27 ಸಮಭಾಗ ಮಾಡಿದರೆ ದೊರೆಯುವ 13 ಅಂಶ 20 ಕಲೆಗಳ ಒಂದೊಂದು ಭಾಗಕ್ಕೂ ಅಲ್ಲಿನ ನಕ್ಷತ್ರದ ಹೆಸರಿದ್ದು, ಸೂರ್ಯ ಅದನ್ನು ದಾಟುವ ಹದಿಮೂರು ಹದಿನಾಲ್ಕು ದಿನಗಳಲ್ಲಿ ಬಿದ್ದ ಮಳೆ ಆ ನಕ್ಷತ್ರದ ಮಳೆ ಎನಿಸಿಕೊಳ್ಳುತ್ತದೆ.

ಈ ಲೆಕ್ಕದೊಳಗೆ ಒಂದು ವಿಚಿತ್ರ ಅಡಗಿದೆ: ಯಾವ ನಕ್ಷತ್ರದ ಮಳೆ ಸುರಿಯುತ್ತಿರುವುದೋ ಆ ನಕ್ಷತ್ರ ಆಗ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. ಜೂನ್ 22ರ ಸುಮಾರಿಗೆ ಆರಿದ್ರೆ ಮಳೆ ಹುಟ್ಟುವಾಗ ಮಹಾವ್ಯಾಧ ನಕ್ಷತ್ರಪುಂಜದ ಭುಜದಲ್ಲಿರುವ ಕೆಂಪು ಆರ್ದ್ರಾ ತಾರೆ ಸೂರ್ಯನ ಪ್ರಭೆಯಲ್ಲಿ ಮುಳುಗಿರುತ್ತದೆ. ಜುಲೈ ಕೊನೆಯ ವೇಳೆಗೆ ಅದು ಮುಂಜಾವದ ಪೂರ್ವದಲ್ಲಿ ಮತ್ತೆ ತಲೆಯೆತ್ತಿದರೂ, ರಾತ್ರಿಯಿಡೀ ಕಾಣುವುದು ಮಳೆಗಾಲ ಕಳೆದ ಡಿಸೆಂಬರಿನಲ್ಲಿ. ಆದ್ದರಿಂದ ಈ ಲೆಕ್ಕವನ್ನು ಮೊದಲು ಕಟ್ಟಿದವರು ಕಾಣದ ನಕ್ಷತ್ರದ ನೆಲೆಯನ್ನು ಕಾಣುವ ನಕ್ಷತ್ರಗಳಿಂದ ಊಹಿಸಬಲ್ಲ ನುರಿತ ವೀಕ್ಷಕರಾಗಿರಲೇಬೇಕು. ಅಚ್ಚಾದ ಪಂಚಾಂಗ ಮನೆಮನೆಗೆ ಬಂದ ಮೇಲೆ ಹೆಸರು ಉಳಿಯಿತು, ತಲೆಯೆತ್ತಿ ನೋಡುವ ಅಗತ್ಯ ಕಡಿಮೆಯಾಯಿತು.

ಉಪಕರಣಗಳ ಖಗೋಳವಿಜ್ಞಾನ ಈ ಸೀಮೆಯ ಪಕ್ಕದಲ್ಲೇ ಹಾದುಹೋದದ್ದು 1871ರ ಡಿಸೆಂಬರ್ 12ರ ಪೂರ್ಣ ಸೂರ್ಯಗ್ರಹಣದಂದು. ಇಂಗ್ಲೆಂಡಿನ ನಾರ್ಮನ್ ಲಾಕ್ಯರ್ ಕಾಸರಗೋಡಿನ ಬೇಕಲ ಕೋಟೆಯಲ್ಲಿಯೂ, ಫ್ರಾನ್ಸಿನ ಜಾನ್ಸೆನ್ ಬಂಡೀಪುರದ ಕಾಡಿನಾಚೆಯ ನೀಲಗಿರಿಯಲ್ಲಿಯೂ ಬೀಡುಬಿಟ್ಟು, ಬೆಳಕನ್ನು ಬಣ್ಣಗಳಾಗಿ ಬಿಡಿಸುವ ರೋಹಿತದರ್ಶಕದಿಂದ ಸೂರ್ಯನ ಹೊರಪ್ರಭೆಯಾದ ಕರೋನವನ್ನು ಪರೀಕ್ಷಿಸಿದರು. ಆದರೆ ಸಾಮಾನ್ಯ ಓದುಗನ ದೃಷ್ಟಿಯಿಂದ ಇದಕ್ಕಿಂತ ತೂಕದ ಸಂಗತಿ ಇನ್ನೊಂದಿದೆ. 1874ರ ಡಿಸೆಂಬರ್ 9ರಂದು ಶುಕ್ರನು ಸೂರ್ಯಬಿಂಬವನ್ನು ಅಡ್ಡಹಾಯುವ ಶುಕ್ರಸಂಕ್ರಮವನ್ನು ಜನರಿಗೆ ತಿಳಿಸಲು ಮದರಾಸು ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ ಬರೆದ ಕಿರುಪುಸ್ತಕ ಕನ್ನಡದಲ್ಲಿಯೂ ಹೊರಬಂದಿತು. ಮುಂದಿನ ಶತಮಾನದಲ್ಲಿ ಮೈಸೂರಿನಲ್ಲಿ ನೆಲೆಸಿದ್ದ ಜಿ.ಟಿ. ನಾರಾಯಣರಾವ್ ಬರಿಗಣ್ಣಿನ ನಕ್ಷತ್ರವೀಕ್ಷಣೆಯನ್ನು ಕನ್ನಡದಲ್ಲಿ ಬರೆದು ಕಲಿಸಿದರು.

ಹೊಸದಾಗಿ ತೊಡಗುವವನಿಗೆ ಈ ಸೀಮೆಯ ಅಕ್ಷಾಂಶವೇ ದೊಡ್ಡ ಅನುಕೂಲ. ಸುಮಾರು 12 ಅಂಶ ಉತ್ತರದಲ್ಲಿರುವುದರಿಂದ ಧ್ರುವ ನಕ್ಷತ್ರ ಬೆಟ್ಟಸಾಲಿನ ಹಿಂದೆ ಅಡಗಬಹುದಾದಷ್ಟು ಕೆಳಗಿದ್ದರೂ, ಯೂರೋಪಿನ ಬಹುಭಾಗಕ್ಕೆ ಕಾಣಸಿಗದ ಅಗಸ್ತ್ಯ ನಕ್ಷತ್ರ ಫೆಬ್ರವರಿಯ ಸಂಜೆ ದಕ್ಷಿಣದಲ್ಲಿ 25 ಅಂಶದವರೆಗೆ ಏರುತ್ತದೆ. ಏಳು ಪಟ್ಟು ಹಿಗ್ಗಿಸುವ, 50 ಮಿಲಿಮೀಟರ್ ಮಸೂರದ ಬೈನಾಕ್ಯುಲರ್ ಇದ್ದರೆ ಬರಿಗಣ್ಣಿಗೆ ಆರೇಳಾಗಿ ಕಾಣುವ ಕೃತ್ತಿಕೆಯಲ್ಲಿ ಹತ್ತಾರು ತಾರೆಗಳು ಬಿಡಿಯಾಗಿ ತೋರುತ್ತವೆ, ಮೇ ತಿಂಗಳ ರಾತ್ರಿಗಳಲ್ಲಿ ಒಮೆಗಾ ಸೆಂಟಾರಿ ಎಂಬ ಗೋಳಾಕಾರದ ತಾರಾಗುಚ್ಛ ಮಂಜಿನ ಉಂಡೆಯಾಗಿ ಸಿಗುತ್ತದೆ. ದುಬಾರಿ ದೂರದರ್ಶಕವನ್ನು ಮೊದಲೇ ಕೊಳ್ಳುವುದು ಬಹುಪಾಲು ವ್ಯರ್ಥವೆಂದೇ ಹೇಳಬೇಕು. 2009ರಲ್ಲಿ ವನ್ಯಜೀವಿಗಳ ರಕ್ಷಣೆಗೆಂದು ಬಂಡೀಪುರದ ಹೆದ್ದಾರಿಗಳಲ್ಲಿ ಜಾರಿಗೆ ಬಂದ ರಾತ್ರಿ ಸಂಚಾರ ನಿಷೇಧವು, ಯಾರೂ ಉದ್ದೇಶಿಸದಿದ್ದರೂ, ಆ ದಿಕ್ಕಿನ ಕತ್ತಲೆಯನ್ನೂ ಕಾಯ್ದುಕೊಂಡಿದೆ. ಕಾಡಿನೊಳಗೆ ಇರುಳು ಪ್ರವೇಶವಿಲ್ಲದ ಕಾರಣ, ಊರಿನ ದೀಪಗಳನ್ನು ಬೆನ್ನಿಗೆ ಬಿಟ್ಟು ದಕ್ಷಿಣಕ್ಕೆ ತೆರೆದುಕೊಂಡ ಹೊಲದ ಕಣವೇ ವೀಕ್ಷಕನಿಗೆ ತಕ್ಕ ಜಾಗ.