ಬಿಡುವಿನ ಕೆಲಸ: ಉಲ್ಲನ್ ಕಡ್ಡಿ, ಕ್ರೋಶಾ ಕೊಕ್ಕೆಗಳ ಹಿಂದಿನ ಕಥೆ

ನಮ್ಮ ಸಂಘದ ಬೆಳ್ಳಿಹಬ್ಬದ ಈ ಸ್ಮರಣ ಸಂಚಿಕೆಯಲ್ಲಿ ಸಾಲ, ಷೇರು, ಗೊಬ್ಬರ, ಡಿವಿಡೆಂಡುಗಳ ವಿಚಾರವನ್ನು ಬಲ್ಲವರು ಬರೆದೇ ಬರೆಯುತ್ತಾರೆ. ನಾವು ಇಲ್ಲಿ ಹೇಳಹೊರಟಿರುವುದು ಉಲ್ಲನ್ ಕಡ್ಡಿ ಮತ್ತು ಕ್ರೋಶಾ ಕೊಕ್ಕೆಗಳ ಚರಿತ್ರೆ. ಸಹಕಾರ ಸಂಘದ ಪುಸ್ತಕದಲ್ಲಿ ಹೆಂಗಸರ ಟೈಂಪಾಸ್ ವಿಷಯ ಯಾಕಪ್ಪಾ ಅಂತ ಕೆಲವು ಸದಸ್ಯ ಬಂಧುಗಳು ಹುಬ್ಬೇರಿಸಬಹುದು. ಆ 'ಟೈಂಪಾಸ್' ಎಂಬ ಮಾತಿನ ಮೇಲೆಯೇ ನಮ್ಮ ತಕರಾರು ಇರುವುದರಿಂದ ದಯವಿಟ್ಟು ಪೂರ್ತಿ ಓದಬೇಕೆಂದು ಕೋರಿಕೆ.

ನಮ್ಮ ಮನೆಗಳಲ್ಲಿ ಈ ಕೆಲಸ ಕಾಣದವರು ಯಾರು? ಬಾಣಂತಿಯ ಕೋಣೆಯಲ್ಲಿ ಮಗುವಿನ ಕುಲಾವಿ, ಕಾಲುಚೀಲ; ನಡುಮನೆಯಲ್ಲಿ ಟೀವಿಯ ಮೇಲೊಂದು ಹೊದಿಕೆ, ಬಾಗಿಲಿಗೆ ತೋರಣ, ದೇವರ ಮುಂದೆ ತಟ್ಟೆ ಮುಚ್ಚುವ ಬಿಳಿ ಜಾಲರಿ. ಹಿಂದೆ ಅತ್ತೆಯಿಂದ ಸೊಸೆಗೆ, ಟೀಚರಮ್ಮನಿಂದ ಮಕ್ಕಳಿಗೆ ಬರುತ್ತಿದ್ದ ವಿದ್ಯೆಯನ್ನು ಈಗಿನ ಹುಡುಗಿಯರು ಮೊಬೈಲಿನಲ್ಲಿ ನೋಡಿ ಕಲಿಯುತ್ತಾರೆ. ಅಷ್ಟೇ ವ್ಯತ್ಯಾಸ.

ನೇಯ್ಗೆಗೂ ಹೆಣಿಗೆಗೂ ಇರುವ ಅಂತರವನ್ನು ಮೊದಲು ಹೇಳಿಬಿಡಬೇಕು. ಮಗ್ಗದಲ್ಲಿ ಕಂಬಳಿಯೋ ಸೀರೆಯೋ ಆಗಬೇಕಾದರೆ ಹಾಸು ಬೇರೆ, ಹೊಕ್ಕು ಬೇರೆ. ಹೆಣಿಗೆಯಲ್ಲಿ ಒಂದೇ ನೂಲು ಸಾಕು. ಅದೇ ನೂಲು ಕುಣಿಕೆಯಾಗುತ್ತದೆ, ಆ ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ ಹೊರಡುತ್ತದೆ. ಎರಡು ಕಡ್ಡಿ ಹಿಡಿದು ಸಾಲುಸಾಲಾಗಿ ಕುಣಿಕೆಗಳನ್ನು ಕಡ್ಡಿಯ ಮೇಲೆಯೇ ಉಳಿಸಿಕೊಂಡು ಹೋದರೆ ನಿಟ್ಟಿಂಗ್. ಒಂದು ಕೊಕ್ಕೆಯಿಂದ ಒಂದೊಂದೇ ಕುಣಿಕೆಯನ್ನು ಮುಗಿಸುತ್ತಾ ಹೋದರೆ ಕ್ರೋಶಾ. ನಮ್ಮ ಹಿರಿಯರು ಎತ್ತಿನ ಬಾಯಿಕುಕ್ಕೆ, ಗಡಿಗೆ ತೂಗುವ ನೆಲವು, ಮೀನಿನ ಬಲೆ ಎಲ್ಲವನ್ನೂ ಕೈಯಲ್ಲೇ ಮಾಡುತ್ತಿದ್ದರಲ್ಲ, ಅವು ಗಂಟಿನ ಕೆಲಸ. ಗಂಟನ್ನು ಬಿಚ್ಚುವುದು ಕಷ್ಟ. ಹೆಣಿಗೆಯನ್ನು ತುದಿ ಹಿಡಿದು ಎಳೆದರೆ ಸರ್ರನೆ ಬಿಚ್ಚಿಕೊಂಡು ಪೂರ್ತಿ ನೂಲು ಉಂಡೆಗೆ ವಾಪಸ್ಸು! ಹಳೇ ಸ್ವೆಟರ್ ಬಿಚ್ಚಿ ಮೊಮ್ಮಗನಿಗೆ ಹೊಸದು ಹೆಣೆಯುವ ಜಾಣತನ ಇದರಿಂದಲೇ ಬಂದದ್ದು.

ಈ ಕಲೆ ಎಲ್ಲಿಯದು? ಕಡ್ಡಿಯಲ್ಲಿ ಹೆಣೆದ ಬಟ್ಟೆಗಳಲ್ಲಿ ಸಿಕ್ಕಿರುವ ಬಹಳ ಹಳೆಯ ತುಂಡುಗಳು ಈಜಿಪ್ಟಿನವು, ಸುಮಾರು 11ರಿಂದ 14ನೇ ಶತಮಾನದವು. ಬಿಳಿ ಮತ್ತು ನೀಲಿ ಬಣ್ಣದ ಹತ್ತಿಯ ಕಾಲುಚೀಲಗಳು. ಉಣ್ಣೆಯ ಮಾತೆತ್ತಿದರೆ ಚಳಿದೇಶ ನೆನಪಾಗುತ್ತದೆ, ಆದರೆ ಹೆಣಿಗೆಯ ಹಳೆಯ ಗುರುತು ಸಿಕ್ಕಿದ್ದು ಸುಡುವ ಮರಳಿನ ನಾಡಿನಲ್ಲಿ, ಅದೂ ಹತ್ತಿಯಲ್ಲಿ! ಅಲ್ಲಿಯೇ ಸಿಕ್ಕಿರುವ, ಹೆಬ್ಬೆರಳಿಗೆ ಬೇರೆ ಗೂಡು ಇರುವ ಕಾಲುಚೀಲಗಳು ಇನ್ನೂ ಹಳೆಯವು. ಅವು ಒಂದೇ ಸೂಜಿಯ ಬೇರೆ ವಿಧಾನದವು. ಮುಂದೆ ಸ್ಪೇನಿನಲ್ಲಿ 1275ರಲ್ಲಿ ತೀರಿಕೊಂಡ ಫರ್ನಾಂಡೊ ಎಂಬ ರಾಜಕುಮಾರನ ಸಮಾಧಿಯಲ್ಲಿ ಹೆಣಿಗೆಯ ದಿಂಬು ಸಿಕ್ಕಿದೆ.

ಇನ್ನೊಂದು ಸಂಗತಿ ಕೇಳಿದರೆ ನಮ್ಮ ಗಂಡಸರಿಗೆ ಆಶ್ಚರ್ಯವಾದೀತು. ಯೂರೋಪಿನ ಹಲವು ಪಟ್ಟಣಗಳಲ್ಲಿ ಹೆಣಿಗೆ ಎಂಬುದು ಗಂಡಸರ ಕಸುಬು. ಹೆಣಿಗೆಗಾರರ ಸಂಘಗಳಿದ್ದವು, ಹುಡುಗರು ವರ್ಷಗಟ್ಟಲೆ ಗುರುವಿನ ಹತ್ತಿರ ಕಲಿತು, ಪರೀಕ್ಷೆಗೆಂದು ಹೂಬಳ್ಳಿಯ ಜಮಖಾನೆಯನ್ನೇ ಹೆಣೆದು ತೋರಿಸಬೇಕಿತ್ತು. ಆಗ ಅದನ್ನು ಯಾರೂ ಟೈಂಪಾಸ್ ಅನ್ನಲಿಲ್ಲ. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಎಂಬಾತ ಕಾಲುಚೀಲ ಹೆಣೆಯುವ ಯಂತ್ರ ಕಟ್ಟಿದ. ರಾಣಿ ಎಲಿಜಬೆತ್ ಅವನಿಗೆ ಪೇಟೆಂಟ್ ಕೊಡಲಿಲ್ಲ. ಕೈಯಲ್ಲಿ ಹೆಣೆದು ಬದುಕುವ ಬಡವರ ಅನ್ನ ಹೋದೀತೆಂಬ ಕಾರಣಕ್ಕೆ ಎಂದು ಪ್ರತೀತಿ. ಲೀ ಫ್ರಾನ್ಸಿಗೆ ಹೋಗಿ ಅಲ್ಲಿಯೇ ಸತ್ತ. ಯಂತ್ರ ಮಾತ್ರ ಉಳಿಯಿತು. ಕಾಲುಚೀಲ, ಬನಿಯನ್ನು ಎಲ್ಲ ಯಂತ್ರದ ಪಾಲಾದವು. ಇವತ್ತು ತಿರುಪ್ಪೂರು, ಲೂಧಿಯಾನಾಗಳು ಆ ವಂಶದ ಊರುಗಳು ಅಂತಲೇ ಅನ್ನಬಹುದು.

ಕೈಹೆಣಿಗೆ 'ಹವ್ಯಾಸ'ವೆಂಬ ಹೆಸರು ಪಡೆದದ್ದು ಬಹುಮಟ್ಟಿಗೆ ಅದಾದ ಮೇಲೆ, 19ನೇ ಶತಮಾನದಲ್ಲಿ. ಕ್ರೋಶಾ ಈಗಿನ ರೂಪದಲ್ಲಿ ಹರಡಿದ್ದೂ ಅದೇ ಕಾಲದಲ್ಲಿ. ಹೆಸರೇ ಹೇಳುವಂತೆ ಫ್ರೆಂಚ್ ಭಾಷೆಯಲ್ಲಿ ಕ್ರೋಶೆ ಅಂದರೆ ಸಣ್ಣ ಕೊಕ್ಕೆ. ಮಾದರಿಗಳ ಪುಸ್ತಕಗಳು ಅಚ್ಚಾದವು, ಅನುಕೂಲಸ್ಥ ಮನೆಯ ಹೆಂಗಸರು ಸಂಜೆ ಹೊತ್ತು ಕೊಕ್ಕೆ ಹಿಡಿದರು. ವಿಕ್ಟೋರಿಯಾ ರಾಣಿಯೂ ಮುಪ್ಪಿನಲ್ಲಿ ಸೈನಿಕರಿಗೆಂದು ಕ್ರೋಶಾದಲ್ಲಿ ಸ್ಕಾರ್ಫುಗಳನ್ನು ಹೆಣೆದಳು. ನಮ್ಮ ದೇಶಕ್ಕೂ ಈ ಕೊಕ್ಕೆ ಹೆಚ್ಚಾಗಿ ಮಿಷನರಿಗಳ ಹೆಂಡಂದಿರು ಮತ್ತು ಹೆಣ್ಣುಮಕ್ಕಳ ಶಾಲೆಗಳ ಮೂಲಕ ಬಂತು.

ರಾಣಿ ಹೆಣೆದರೆ ಹವ್ಯಾಸ ಸರಿ. ಅದೇ ಕಾಲದಲ್ಲಿ ಅದೇ ಕೊಕ್ಕೆಯಿಂದ ಹೊಟ್ಟೆ ಹೊರೆದವರ ಕಥೆ ಬೇರೆ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಭೀಕರ ಕ್ಷಾಮ ಬಂತು. ಲಕ್ಷಾಂತರ ಜನ ಸತ್ತರು, ಲಕ್ಷಾಂತರ ಜನ ಹಡಗು ಹತ್ತಿದರು. ಆ ದಿನಗಳಲ್ಲಿ ಕ್ರೈಸ್ತ ಸನ್ಯಾಸಿನಿಯರು, ಪಾದ್ರಿಗಳ ಮಡದಿಯರು ಬಡ ಹೆಂಗಸರಿಗೆ ಕ್ರೋಶಾ ಕಲಿಸಿದರು. ಕ್ಲೋನ್ಸ್ ಎಂಬ ಊರಿನಲ್ಲಿ 1847ರಲ್ಲಿ ಕಸಾಂಡ್ರಾ ಹ್ಯಾಂಡ್ ಎಂಬಾಕೆ ಶುರುಮಾಡಿದ ಕೆಲಸ ದೊಡ್ಡ ಹೆಸರು ಪಡೆಯಿತು. ಒಬ್ಬಳು ಗುಲಾಬಿ, ಒಬ್ಬಳು ಎಲೆ, ಇನ್ನೊಬ್ಬಳು ಇವನ್ನೆಲ್ಲ ಜಾಲರಿಯಿಂದ ಕೂಡಿಸುವುದು. ಮನೆಯ ಬಾಡಿಗೆ, ಅಮೆರಿಕದ ಹಡಗಿನ ಚಾರ್ಜು ಈ ಹೂಗಳಿಂದ ಹುಟ್ಟಿತು. ಗಡಿಬಿಡಿಯಲ್ಲಿ ಹೆಣೆದ ಆ ಹೂಗಳನ್ನು ಸಿರಿವಂತರು ಕೊರಳಪಟ್ಟಿಗೆ ಧರಿಸಿದರು.

ಸಹಕಾರಿಗಳಾದ ನಾವು ಗಮನಿಸಬೇಕಾದದ್ದು ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳ ಕಥೆ. ಅಲ್ಲಿನ ಹೆಂಗಸರು ಬೆನ್ನಿನ ಬುಟ್ಟಿಯಲ್ಲಿ ಉರುವಲು ಹೊತ್ತು ನಡೆಯುತ್ತಲೇ ಕೈಯಲ್ಲಿ ಹೆಣೆಯುತ್ತಿದ್ದರು. ಮದುವೆಯುಂಗುರದೊಳಗೆ ತೂರಿಸಿ ಎಳೆಯಬಹುದಾದಷ್ಟು ನವಿರಾದ ಶಾಲು ಅವರ ಕೈಯದು. ಆದರೆ ವ್ಯಾಪಾರಿ ಶಾಲು ತಗೊಂಡು ದುಡ್ಡು ಕೊಡುತ್ತಿರಲಿಲ್ಲ. ಚಹಾಪುಡಿ, ಬಟ್ಟೆ, ಇಲ್ಲವೇ 'ಇಷ್ಟು ಬಾಕಿ' ಎಂದು ಬರೆದ ಚೀಟಿ. ಆ ಚೀಟಿಯೂ ಅವನ ಅಂಗಡಿಯಲ್ಲೇ ನಡೆಯಬೇಕು. ಹಿಟ್ಟು ಬೇಕಾದವಳು ಚಹಾಪುಡಿಯನ್ನು ಮನೆಮನೆಗೆ ಹೊತ್ತು ಹಿಟ್ಟಿಗೆ ಬದಲಾಯಿಸಿಕೊಳ್ಳಬೇಕಾಗುತ್ತಿತ್ತು. 1872ರಲ್ಲಿ ಸರ್ಕಾರದ ವಿಚಾರಣಾ ಆಯೋಗ ಬಂದು ಕೂತಾಗ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಇದನ್ನು ಹೇಳಿದ್ದು ದಾಖಲೆಯಲ್ಲಿದೆ. ಸಾಮಾನು ಕೊಟ್ಟು ಕೂಲಿ ತೀರಿಸುವ ಪದ್ಧತಿಯ ವಿರುದ್ಧ ಮತ್ತೊಂದು ಕಾನೂನು ಬಂದದ್ದು 1887ರಲ್ಲಿ. ಅಷ್ಟಾದರೂ ಪದ್ಧತಿ ಒಂದೇ ದಿನಕ್ಕೆ ಹೋಗಲಿಲ್ಲ.

ಇದಕ್ಕೂ ಮೊದಲೇ, 1844ರ ಡಿಸೆಂಬರಿನಲ್ಲಿ, ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ 28 ಮಂದಿ ನೇಕಾರರೂ ಇತರ ಕಸುಬಿನವರೂ ಕೂಡಿ ಹಿಟ್ಟು, ಬೆಣ್ಣೆ, ಸಕ್ಕರೆಯ ಅಂಗಡಿ ತೆರೆದದ್ದನ್ನು ಸಹಕಾರ ಸಪ್ತಾಹದ ಭಾಷಣಗಳಲ್ಲಿ ಪ್ರತಿವರ್ಷ ಕೇಳುತ್ತೇವೆ. ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಸಂಘ ಕಟ್ಟಿದ್ದೂ ಸಾಹುಕಾರನ ಚೀಟಿಯಿಂದ ರೈತನನ್ನು ಬಿಡಿಸಲಿಕ್ಕೆ. ಶೆಟ್ಲೆಂಡಿನ ಹೆಣಿಗೆಯವಳು ಮತ್ತು ಸಾಲದ ರೈತ ಒಂದೇ ಅಂಗಡಿಯ ಮುಂದೆ ನಿಂತವರು, ಇಷ್ಟೇ ನಮ್ಮ ಅಭಿಪ್ರಾಯ.

ದೂರದ ದ್ವೀಪದ ಮಾತು ಬಿಡಿ, ನಮ್ಮ ನೆರೆಯ ಆಂಧ್ರಕ್ಕೆ ಬರೋಣ. ಗೋದಾವರಿಯ ಮುಖಜಭೂಮಿಯಲ್ಲಿ ನರಸಾಪುರ ಅಂತ ಊರು. 19ನೇ ಶತಮಾನದಲ್ಲಿ ಮಿಷನರಿಗಳು ಕಲಿಸಿದ ಕ್ರೋಶಾ ಲೇಸು ಅಲ್ಲಿ ಸುತ್ತಲ ಹಳ್ಳಿಗಳಿಗೆಲ್ಲ ಹಬ್ಬಿ, ಪರದೇಶಗಳಿಗೆ ರಫ್ತಾಗುವ ಸರಕಾಯಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅಲ್ಲಿ ಅಧ್ಯಯನ ಮಾಡಿ 1982ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅವರು ಕಂಡದ್ದು ಇಷ್ಟು: ಅಡುಗೆ, ಮಕ್ಕಳು, ದನಕರು ಎಲ್ಲ ನೋಡಿಕೊಂಡು ಹೆಂಗಸರು ದಿನಕ್ಕೆ ಆರರಿಂದ ಎಂಟು ತಾಸು ಲೇಸು ಹೆಣೆಯುತ್ತಿದ್ದರು. ಕೈಗೆ ಸಿಗುತ್ತಿದ್ದದ್ದು ಹೊಲದ ಕೂಲಿಗಿಂತ ಬಹಳ ಕಡಿಮೆ. ಕೇಳಿದರೆ, ಇವರೇನು ಕೆಲಸದವರೇ, ಗೃಹಿಣಿಯರು, ಬಿಡುವಿನಲ್ಲಿ ಮಾಡ್ತಾರೆ ಎಂಬ ಉತ್ತರ. ಹೊಲಕ್ಕೆ ಹೋಗದೆ ಮನೆಯೊಳಗೇ ಕೂರುವುದು ಮರ್ಯಾದೆ ಎಂದು ಹೆಂಗಸರೂ ನಂಬಿದ್ದರು. ಹೂ ಮಾಡುವವಳು ಬೇರೆ, ಜೋಡಿಸುವವಳು ಬೇರೆ ಆದ್ದರಿಂದ ಪೂರ್ತಿ ಮೇಜುವಸ್ತ್ರ ಯಾವ ಬೆಲೆಗೆ ಹೋಯಿತೆಂಬುದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ರಫ್ತಿನ ವ್ಯಾಪಾರವೆಲ್ಲ ಗಂಡಸರ ಕೈಯಲ್ಲಿ.

ದಿನಕ್ಕೆ ಎಂಟು ತಾಸಿನ ಬಿಡುವು! ನಮ್ಮಲ್ಲಿ ಯಾರಿಗಿದೆ ಹೇಳಿ?

2024ರಲ್ಲಿ ನರಸಾಪುರದ ಕ್ರೋಶಾ ಲೇಸಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಸಂತೋಷದ ಸಂಗತಿ. ಊರಿನ ಹೆಸರಿಗೆ ರಕ್ಷಣೆ ಸಿಕ್ಕಿತು. ಹೆಣೆದವಳ ತಾಸಿಗೆ ಬೆಲೆ ಕಟ್ಟುವುದು ಆ ಕಾನೂನಿನ ಕೆಲಸವಲ್ಲ. ಮನೆಯಲ್ಲಿ ಕೂತು ಬೇರೆಯವರಿಗಾಗಿ ದುಡಿಯುವವರೂ ಕಾರ್ಮಿಕರೇ ಎಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲಿ ಒಂದು ಒಪ್ಪಂದವನ್ನೇ ಅಂಗೀಕರಿಸಿದೆ. ಅಹಮದಾಬಾದಿನಲ್ಲಿ ಇಳಾ ಭಟ್ ಅವರು 1972ರಲ್ಲಿ ಕಟ್ಟಿದ 'ಸೇವಾ' ಸಂಘಟನೆ ಇದಕ್ಕಾಗಿ ಬಹಳ ಹೋರಾಡಿತು.

ಇಷ್ಟು ಹೇಳಿದ್ದರಿಂದ ಹವ್ಯಾಸವೇ ಬೇಡ ಅಂತ ನಮ್ಮ ಮಾತಲ್ಲ. ತನ್ನ ಮೊಮ್ಮಗುವಿಗೆ ಕುಲಾವಿ ಹೆಣೆಯುವ ಅಜ್ಜಿ ತಾಸಿನ ಲೆಕ್ಕ ಹಾಕಿದರೆ ಅದು ಕುಲಾವಿಯೇ ಅಲ್ಲ. ಬೇಸರ ಬಂದಾಗ ಕಡ್ಡಿ ಕೆಳಗಿಡುವ, ಚೆನ್ನಾಗಿಲ್ಲವೆಂದು ಬಿಚ್ಚಿ ಮತ್ತೆ ಹೆಣೆಯುವ ಸ್ವಾತಂತ್ರ್ಯ ಇದ್ದರೆ ಅದು ಹವ್ಯಾಸ. ಗುರುವಾರದೊಳಗೆ ಮುಗಿಯಲೇಬೇಕು, ಇಲ್ಲವಾದರೆ ಮುಂದಿನ ನೂಲಿಲ್ಲ ಅಂದರೆ ಅದು ಕೂಲಿ. ಎರಡಕ್ಕೂ ಒಂದೇ ಹೆಸರಿಟ್ಟಲ್ಲಿ ನಷ್ಟ ಯಾವ ಕಡೆಗೆ ಆಯಿತೆಂಬುದನ್ನು ಮೇಲೆ ನೋಡಿದ್ದೇವೆ.

ಇನ್ನೊಂದು ವಿಷಯ ನಮ್ಮ ಹೆಣ್ಣುಮಕ್ಕಳಿಗೆ ಗೊತ್ತಿರಲಿ. ಸ್ವೆಟರನ್ನು ಯಂತ್ರ ಹೆಣೆಯುತ್ತದೆ. ಪೇಟೆಯಲ್ಲಿ ಕ್ರೋಶಾ ಯಂತ್ರದ ಲೇಸು ಅಂತ ಮೊಳದ ಲೆಕ್ಕದಲ್ಲಿ ಮಾರುವುದೂ ವಾಸ್ತವವಾಗಿ ಒಂದು ಬಗೆಯ ಯಂತ್ರಹೆಣಿಗೆ. ನಿಜವಾದ ಕ್ರೋಶಾ ಮಾತ್ರ ಇವತ್ತಿಗೂ ಕೈಯದೇ. ಆದ್ದರಿಂದ ದೊಡ್ಡ ಅಂಗಡಿಯಲ್ಲಿ ಅಸಲಿ ಕ್ರೋಶಾದ ಕುಪ್ಪಸ ಬಹಳ ಅಗ್ಗಕ್ಕೆ ತೂಗುತ್ತಿದ್ದರೆ, ಎಲ್ಲೋ ಒಬ್ಬಳ ತಾಸುಗಳು ಅಗ್ಗವಾಗಿವೆ ಅಂತಲೇ ಅರ್ಥ.

ಆಡಳಿತ ಮಂಡಳಿಗೆ ನಮ್ಮದೊಂದು ಸಲಹೆ. ನಮ್ಮೂರಿನಲ್ಲಿ ನೂಲು ತಂದು ಹೆಣೆದು ಕೊಡುವವರಿದ್ದರೆ, ನೂಲು ಬಂದಾಗೊಮ್ಮೆ, ಮಾಲು ಹೋಗುವಾಗೊಮ್ಮೆ ಸಂಘದ ತಕ್ಕಡಿಯಲ್ಲೇ ತೂಗಲಿ. ಗೊಬ್ಬರ ತೂಗುವ ದೊಡ್ಡ ತಕ್ಕಡಿ ಬೇಡ, ಸಣ್ಣದು ಸಾಕು. ಪಕ್ಕದಲ್ಲಿ ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟು ಹೆಸರು, ತೂಕ, ಹಿಡಿದ ತಾಸು, ಸಿಕ್ಕ ರೂಪಾಯಿ ನಾಲ್ಕು ಕಲಂ ಹಾಕಿ ಬರೆದಿಡಲಿ. ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಆ ನೋಟ್‌ಬುಕ್ಕನ್ನು ಹೆಣೆದವರೇ ಎದ್ದು ಓದಲಿ.