ಪೇಪರಿನಲ್ಲಿ ಬಾರದ ನಂಬರುಗಳು

1

ನಮ್ಮ ಸೋದರಮಾವನ ನಂಬರು ಪೇಪರಿನಲ್ಲಿ ಬರಲಿಲ್ಲ. ಇದು 1987ರ ಬೇಸಿಗೆಯ ಮಾತು, ನಾನಿನ್ನೂ ಹುಟ್ಟಿರಲಿಲ್ಲ. ಆಗ ಎಸ್ಸೆಸ್ಸೆಲ್ಸಿ ಫಲಿತಾಂಶವೆಂದರೆ ಪತ್ರಿಕೆಯ ಪುಟಗಳ ತುಂಬ ಇರುವೆ ಸಾಲಿನ ಹಾಗೆ ಅಚ್ಚಾಗುತ್ತಿದ್ದ ನಂಬರುಗಳು. ಪಾಸಾದವರ ನಂಬರು ಇರುತ್ತಿತ್ತು. ನಾಪಾಸಾದವರದು ಇರುತ್ತಿರಲಿಲ್ಲ. ಮಾವ ನಸುಕಿನಲ್ಲೇ ಎದ್ದು ಕಳಸಾಪುರದಿಂದ ಗದಗಿಗೆ ನಡೆದುಹೋಗಿ ಪೇಪರು ತಂದ. ಮನೆಯಲ್ಲಿ ಅದನ್ನು ಓದಬಲ್ಲವನು ಅವನೊಬ್ಬನೇ. ಹಾಗಾಗಿ ತಾನು ನಾಪಾಸಾದ ಸುದ್ದಿಯನ್ನು ತಾನೇ ಓದಿ ಹೇಳಬೇಕಾಯಿತು.

“ನಂಬರ ಐತೇನೋ?” ಅಂತ ಆಯಿ ಕೇಳಿದಳಂತೆ.

“ಇಲ್ಲಬೇ ಯವ್ವಾ.”

“ಸಣ್ಣ ಅಕ್ಷರ ಅದಾವ, ಸರಿಯಾಗಿ ನೋಡು.”

ಮೂರು ಸಲ ನೋಡಿದನಂತೆ. ಮರುದಿನ ಹತ್ತಿಕಟಿಗಿ ಕೀಳುವ ಕೂಲಿಗೆ ಹೋದ. ಪೇಪರನ್ನು ಆಯಿ ಗೋಡೆಯ ಗೂಡಿಗೆ ಹಾಸಿದಳು. ಅವ್ವ ಈ ಕಥೆ ಹೇಳುವಾಗ ಗೂಡಿನ ಮಾತು ಬಿಡುವುದಿಲ್ಲ. ಬೇರೆಯವರ ಮಕ್ಕಳು ಪಾಸಾದ ನಂಬರುಗಳ ಮೇಲೆ ನಮ್ಮ ಮನೆಯ ಉಪ್ಪಿನ ಡಬ್ಬಿ, ಎಣ್ಣೆಯ ಬಾಟಲಿ ವರುಷಗಟ್ಟಲೆ ಕೂತಿದ್ದವು.

ನಾನು 2013ರಲ್ಲಿ ಪಾಸಾದೆ. ಗದಗಿನ ಸೈಬರ್ ಕೆಫೆಯೊಂದರಲ್ಲಿ ಹತ್ತು ರೂಪಾಯಿ ಕೊಟ್ಟು ಫಲಿತಾಂಶದ ಹಾಳೆ ತೆಗೆಸಿಕೊಂಡೆ. ಈಗ ಹುಡುಗರಿಗೆ ಇತಿಹಾಸ ಹೇಳುತ್ತೇನೆ. ದಲಿತ ವಿಮರ್ಶೆಯ ಕುರಿತ ಈ ಸಂಚಿಕೆಗೆ ಬರೆಯಲು ಕೂತಾಗ ನನಗೆ ಕಾಡಿದ್ದು ಒಂದೇ ಪ್ರಶ್ನೆ. ನಾವು ದಲಿತ ಅನುಭವ ಎಂದು ಕರೆದು, ಓದಿ, ವಿಮರ್ಶಿಸುತ್ತಿರುವ ಬರಹ ಯಾರದು? ಅದು ಪಾಸಾದವರದು. ಮಾವನಂಥವರ ನಂಬರು ಅಂದು ಪೇಪರಿನಲ್ಲಿ ಬರಲಿಲ್ಲ. ಇಂದು ನಮ್ಮ ಚರಿತ್ರೆಯಲ್ಲೂ ಬಂದಿಲ್ಲ.

2

ಈ ಮಾತಿಗೆ ಹಿಂದೊಂದು ಚರಿತ್ರೆಯಿದೆ, ಅದು ನಮ್ಮ ಸೀಮೆಯದೇ. ಗದಗು 1997ರಲ್ಲಿ ಜಿಲ್ಲೆಯಾಯಿತು. ಅದಕ್ಕೂ ಮೊದಲು ನಾವು ಧಾರವಾಡ ಜಿಲ್ಲೆಯವರು. 1956ಕ್ಕೂ ಮೊದಲು ಮುಂಬಯಿ ಪ್ರಾಂತ್ಯದವರು. ಆ ಧಾರವಾಡದ ಸರಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು 1856ರ ಜೂನ್ ತಿಂಗಳಲ್ಲಿ ಒಬ್ಬ ಮಹಾರ ಹುಡುಗನ ಪರವಾಗಿ ಸರಕಾರಕ್ಕೆ ಅರ್ಜಿ ಹೋಯಿತು. ಮುಂಬಯಿ ಸರಕಾರ ಜುಲೈನಲ್ಲಿ ಕೊಟ್ಟ ಉತ್ತರವನ್ನು ಇತಿಹಾಸದ ವಿದ್ಯಾರ್ಥಿಗಳೆಲ್ಲ ಓದಬೇಕು. ನ್ಯಾಯ ಹುಡುಗನ ಕಡೆಗಿದೆ ಎಂದು ಸರಕಾರ ಒಪ್ಪಿತು. ಆದರೆ ಒಬ್ಬನಿಗಾಗಿ ತಲೆತಲಾಂತರದ ಪೂರ್ವಗ್ರಹಕ್ಕೆ ಕೈಹಾಕಿದರೆ ಶಿಕ್ಷಣದ ಕೆಲಸವೇ ಕೆಡುತ್ತದೆ, ಈ ಕಷ್ಟ ತಾನು ತಂದದ್ದೂ ಅಲ್ಲ ಎಂದು ಅವನನ್ನು ಹೊರಗೇ ಇಟ್ಟಿತು. ನ್ಯಾಯ ನಿನ್ನದು, ಶಾಲೆ ಅವರದು ಎಂಬುದು ಈ ಉತ್ತರದ ತಿರುಳು.

ಸಂಗತಿ ಲಂಡನ್ನಿನವರೆಗೂ ಹೋಯಿತು. ಸರಕಾರಿ ಖರ್ಚಿನ ಶಾಲೆಗಳು ಎಲ್ಲ ಜಾತಿಯವರಿಗೂ ತೆರೆದಿರಬೇಕು ಎಂದು ಕಂಪನಿಯ ನಿರ್ದೇಶಕರು 1858ರಲ್ಲಿ ಬರೆದರು. ಬರೆದದ್ದು ಕಾಗದದಲ್ಲಿ ಉಳಿಯಿತು. ಮುಂಬಯಿ ವಿಶ್ವವಿದ್ಯಾಲಯ 1859ರಲ್ಲಿ ಮೊದಲ ಮೆಟ್ರಿಕ್ಯುಲೇಶನ್ ಪರೀಕ್ಷೆ ನಡೆಸಿತು. ಅದರಲ್ಲಿ ಪಾಸಾದವರಲ್ಲಿ ಮಹಾದೇವ ಗೋವಿಂದ ರಾನಡೆ ಒಬ್ಬರು ಎಂಬುದನ್ನು ಎಲ್ಲರೂ ಬಲ್ಲರು. ಮೂರು ವರುಷ ಮೊದಲು ಧಾರವಾಡದಲ್ಲಿ ಬಾಗಿಲ ಹೊರಗೆ ನಿಂತವನು ಮಾತ್ರ ಇತಿಹಾಸದ ಪುಸ್ತಕಗಳಲ್ಲಿ ಬರೇ ‘ಮಹಾರ ಹುಡುಗ’.

ಬಾಬಾಸಾಹೇಬ ಅಂಬೇಡ್ಕರರು 1928ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭೆಯ ಪರವಾಗಿ ಸೈಮನ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ಈ ಹುಡುಗನ ಪ್ರಕರಣವನ್ನು ಎತ್ತಿ ತೋರಿಸಿದರು. ಅದೇ ಹೇಳಿಕೆಯಲ್ಲಿ 1881-82ರ ಮುಂಬಯಿ ಪ್ರಾಂತ್ಯದ ಅಂಕಿಗಳಿವೆ. ‘ಕೆಳಜಾತಿ’ ಎಂದು ಗುರುತಿಸಿದವರ ಮಕ್ಕಳು ಪ್ರಾಥಮಿಕ ಶಾಲೆಗಳಲ್ಲಿ 2,862, ಮಿಡ್ಲ್ ಸ್ಕೂಲುಗಳಲ್ಲಿ 17, ಹೈಸ್ಕೂಲಿನಲ್ಲಿ ಸೊನ್ನೆ. ಇಡೀ ಪ್ರಾಂತ್ಯದಲ್ಲಿ ಸೊನ್ನೆ. ನಮ್ಮವರು ಮೆಟ್ರಿಕ್ಕಿನಲ್ಲಿ ನಾಪಾಸಾಗಲೂ ಆಗ ಸಾಧ್ಯವಿರಲಿಲ್ಲ. ಪರೀಕ್ಷೆಯ ಖೋಲಿಯೊಳಗೆ ಕೂತವನಿಗಷ್ಟೇ ಪಾಸು-ನಾಪಾಸು. ಆದ್ದರಿಂದ ನಮ್ಮ ಓಣಿಯಲ್ಲಿ ಒಬ್ಬ ಹುಡುಗ 1987ರಲ್ಲಿ ನಾಪಾಸಾದ ಎಂದರೆ, ಆ ಖೋಲಿಗೆ ಹೋಗಿ ಕೂಡಲು ನಮಗೆ ನೂರು ವರುಷಕ್ಕೂ ಹೆಚ್ಚು ಹಿಡಿಯಿತು ಎಂದೂ ಅರ್ಥ. ಅದನ್ನು ಬರೇ ಸೋಲು ಎಂದು ಓದುವುದು ಚರಿತ್ರೆಯ ತಿಳಿವಳಿಕೆಯಲ್ಲ.

3

ನಮ್ಮ ಕಡೆಯ ಮುದುಕರಿಗೆ ಮೆಟ್ರಿಕ್ಕಿಗಿಂತ ಹತ್ತಿರದ ಶಬ್ದ ‘ಮುಲ್ಕಿ’. ಏಳನೇತ್ತ ಮುಗಿಸಿ ಬರೆಯುತ್ತಿದ್ದ ಪರೀಕ್ಷೆ ಅದು. ಮುಲ್ಕಿ ಪಾಸಾದವನಿಗೆ ಕನ್ನಡ ಸಾಲಿಯ ಮಾಸ್ತರಿಕೆ ಸಿಗುತ್ತಿತ್ತು. ‘ಅಂವಾ ಮುಲ್ಕಿ ಪಾಸ್’ ಅನ್ನುವುದು ಇವತ್ತಿಗೂ ಹಳಬರ ಬಾಯಲ್ಲಿ ಒಂದು ಬಿರುದು. ಮುಲ್ಕಿ ನೌಕರಿಯ ಬಾಗಿಲಾದರೆ ಮೆಟ್ರಿಕ್ ಕಾಲೇಜಿನ ಬಾಗಿಲು.

ಆ ಬಾಗಿಲನ್ನು ಅಂಬೇಡ್ಕರರು 1907ರಲ್ಲಿ ದಾಟಿದರು. 750ಕ್ಕೆ 282 ಅಂಕ. ನೂರಕ್ಕೆ 38ರಷ್ಟೂ ಇಲ್ಲ. ಅವರ ಜನ ಆ ಅಂಕ ನೋಡಿ ಮುಖ ಸಣ್ಣದು ಮಾಡಲಿಲ್ಲ, ಸಭೆ ಸೇರಿಸಿ ಸನ್ಮಾನ ಮಾಡಿದರು. ಅಧ್ಯಕ್ಷತೆ ಎಸ್.ಕೆ. ಬೋಲೆಯವರದು. ಕೃಷ್ಣಾಜಿ ಅರ್ಜುನ ಕೇಳೂಸ್ಕರರು ತಾವು ಬರೆದ ಬುದ್ಧನ ಚರಿತ್ರೆಯನ್ನು ಹುಡುಗನ ಕೈಗಿತ್ತದ್ದು ಅಲ್ಲಿಯೇ. ಫಲಿತಾಂಶದ ದಿನದಿಂದ ಹುಟ್ಟಿದ ಆ ಸಭೆಯ ಫಲ 1956ರ ನಾಗಪುರದ ದೀಕ್ಷೆಯವರೆಗೆ ಹರಿಯಿತು. ಈಗ ಮೇ ತಿಂಗಳಲ್ಲಿ ನಮ್ಮ ಪಟ್ಟಣಗಳ ಸರ್ಕಲ್ಲುಗಳಲ್ಲಿ ಕೋಚಿಂಗ್ ಕ್ಲಾಸುಗಳ ಫ್ಲೆಕ್ಸು ಏಳುತ್ತವೆ. 625ಕ್ಕೆ 620 ತೆಗೆದ ಮಕ್ಕಳ ಮುಖಗಳು. ಅವುಗಳ ಕೆಳಗೆ ನಿಂತಾಗಲೆಲ್ಲ ನನಗೆ ಆ 282 ನೆನಪಾಗುತ್ತದೆ.

ಒಬ್ಬ ದಾಟಿದರೆ ಸಾಲದು, ಹಿಂದಿನವರೂ ದಾಟಬೇಕು ಎಂದು ಅಂಬೇಡ್ಕರರು ವಸತಿ ನಿಲಯಗಳಿಗೆ ಕೈಹಾಕಿದರು. ಹೈಸ್ಕೂಲು ಓದುವ ಅಸ್ಪೃಶ್ಯ ಹುಡುಗರಿಗಾಗಿ 1920ರ ದಶಕದ ಕೊನೆಗೆ ಶುರುವಾದ ಅಂಥ ನಿಲಯಗಳಲ್ಲಿ ಒಂದು ಧಾರವಾಡದಲ್ಲಿತ್ತು. ಎಪ್ಪತ್ತು ವರುಷದ ಹಿಂದೆ ಅರ್ಜಿ ತಿರಸ್ಕೃತವಾಗಿದ್ದ ಊರದು. ಮುಂದೆ ವೈಸ್‌ರಾಯ್ ಮಂಡಳಿಯ ಸದಸ್ಯರಾಗಿದ್ದಾಗ ಪಟ್ಟುಹಿಡಿದು ಕೇಂದ್ರ ಸರಕಾರದಿಂದ ವಿದ್ಯಾರ್ಥಿವೇತನ ತರಿಸಿದರು. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾದದ್ದು 1944ರಲ್ಲಿ. ನಾನು ಎಂ.ಎ. ಮುಗಿಸಿದ್ದು ಅದೇ ಸಾಲಿನ ಹಣದಿಂದ.

ಈ ಋಣವನ್ನು ಒಪ್ಪಿಕೊಂಡೇ ಒಂದು ಮಾತು ಕೇಳಬೇಕಿದೆ. ನಮ್ಮ ರಾಜ್ಯದಲ್ಲಿ ಮೆಟ್ರಿಕ್ ಎಂಬ ಪರೀಕ್ಷೆ ಎಂದೋ ಹೋಯಿತು. ಆದರೆ ಸಮಾಜ ಕಲ್ಯಾಣ ಇಲಾಖೆಯ ಬೋರ್ಡುಗಳನ್ನು ನೋಡಿರಿ: ‘ಮೆಟ್ರಿಕ್ ಪೂರ್ವ ಬಾಲಕರ ವಸತಿ ನಿಲಯ’, ‘ಮೆಟ್ರಿಕ್ ನಂತರದ ಬಾಲಕಿಯರ ವಸತಿ ನಿಲಯ’. ಸತ್ತ ಪರೀಕ್ಷೆಯೊಂದು ನಮ್ಮ ಮಕ್ಕಳ ಬದುಕನ್ನು ಇನ್ನೂ ಎರಡು ಭಾಗ ಮಾಡುತ್ತಿದೆ. ಪರೀಕ್ಷೆ ಮುಗಿದ ದಿನ ಹುಡುಗ ಟ್ರಂಕು ಹೊತ್ತು ಮೊದಲನೆಯ ಬೋರ್ಡಿನ ಕೆಳಗಿಂದ ಹೊರಬರುತ್ತಾನೆ. ಪಾಸಾದರೆ ಎರಡನೆಯ ಬೋರ್ಡಿನ ಕೆಳಗೆ ಹೋಗಬಹುದು. ನಾಪಾಸಾದರೆ? ಅವನು ಪೂರ್ವನೂ ಅಲ್ಲ, ನಂತರದವನೂ ಅಲ್ಲ. ಹಾಸಿಗೆಯಿಲ್ಲ, ಊಟವಿಲ್ಲ, ಓದಲು ದೀಪವಿಲ್ಲ. ಯಾರಿಗೆ ಆ ದೀಪ ಎಲ್ಲರಿಗಿಂತ ಹೆಚ್ಚು ಬೇಕೋ ಅವನನ್ನೇ ನಡುವಿನಲ್ಲಿ ಬಿಟ್ಟಿದ್ದೇವೆ.

4

ಇಲ್ಲಿಂದ ವಿಮರ್ಶೆಯ ಪ್ರಶ್ನೆಗೆ ಬರುತ್ತೇನೆ. ಕನ್ನಡದಲ್ಲಿ ದಲಿತ ಆತ್ಮಕಥನದ ಚರ್ಚೆ ಗಟ್ಟಿಯಾದದ್ದು ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ (1994), ಸಿದ್ಧಲಿಂಗಯ್ಯನವರ ‘ಊರುಕೇರಿ’ (1996) ಬಂದ ಮೇಲೆ. ಈ ಕೃತಿಗಳ ಶಾಲೆ, ಹಾಸ್ಟೆಲುಗಳ ಬಗ್ಗೆ ಸಾಕಷ್ಟು ಬರೆದಿದ್ದೇವೆ. ಅವಮಾನ ಎಂದೆವು, ಹಸಿವು ಎಂದೆವು, ನಗೆಯ ಮೂಲಕ ಪ್ರತಿರೋಧ ಎಂದೆವು. ಇವು ಸುಳ್ಳಲ್ಲ. ಆದರೆ ಅವಮಾನದಿಂದ ಶುರುವಾಗಿ ಅಕ್ಷರದಲ್ಲಿ ಮುಗಿಯುವ ದಾರಿಯನ್ನೇ ದಲಿತ ಬದುಕಿನ ದಾರಿ ಎಂದು ನಮ್ಮ ವಿಮರ್ಶೆ ನಂಬಿಬಿಟ್ಟಿತು. ಇದು ಕೃತಿಕಾರರ ತಪ್ಪಲ್ಲ, ಅವರು ತಮ್ಮ ಬದುಕು ಬರೆದರು. ಒಬ್ಬನ ಬದುಕನ್ನು ಓಣಿಯ ಬದುಕು ಎಂದು ಓದಿದ್ದು ನಮ್ಮ ತಪ್ಪು.

ಸೋಲನ್ನು ಬರೆದವರೂ ಇದ್ದಾರೆ. ಓಂಪ್ರಕಾಶ ವಾಲ್ಮೀಕಿಯವರು ಹಿಂದಿಯ ‘ಜೂಠನ್’ನಲ್ಲಿ (1997) ಹನ್ನೆರಡನೆಯ ಇಯತ್ತೆಯಲ್ಲಿ ರಸಾಯನಶಾಸ್ತ್ರದ ಪ್ರಯೋಗ ಪರೀಕ್ಷೆಯ ದೆಸೆಯಿಂದ ತಾವು ನಾಪಾಸಾದದ್ದನ್ನು ಬರೆದಿದ್ದಾರೆ. ನಾಪಾಸು ಎಂಬುದು ತಲೆಯೊಳಗಿನ ಕೊರತೆಯಲ್ಲ, ಸಂಬಂಧಗಳೊಳಗೆ ತಯಾರಾಗುವ ವಸ್ತು ಎಂದು ಅಲ್ಲಿ ಕಾಣುತ್ತದೆ. ಆದರೂ ವಾಲ್ಮೀಕಿಯವರು ಊರು ಬಿಟ್ಟು ದೆಹರಾದೂನಿಗೆ ಹೋಗಿ ಮತ್ತೆ ಓದಿದರು. ಮತ್ತೆ ಓದಲಾಗದವರ ಪುಸ್ತಕ ನಮ್ಮ ಕಪಾಟಿನಲ್ಲಿ ಇಲ್ಲ.

ಮಾವ ನಾಪಾಸಾದದ್ದು ಒಂದೇ ವಿಷಯದಲ್ಲಿ, ಇಂಗ್ಲಿಷಿನಲ್ಲಿ. ಅವನು ಓದಿದ ಹೈಸ್ಕೂಲಿನ ಹೆಸರು ಬೇಡ. ಅಲ್ಲಿ ಎರಡು ವರುಷ ಇಂಗ್ಲಿಷ್ ಮಾಸ್ತರರೇ ಇರಲಿಲ್ಲ. ಉಳಿದವರು ಗದಗಿಗೆ ಹೋಗಿ ಟ್ಯೂಶನ್ ಹೇಳಿಸಿಕೊಂಡರು. ಗದಗು ಮುದ್ರಣಕ್ಕೆ ಹೆಸರಾದ ಊರು, ಪುಸ್ತಕಕ್ಕೆ ಬರವಿಲ್ಲ. ಕೊಳ್ಳುವ ರೊಕ್ಕಕ್ಕೆ ಬರ. ಅಂಕಪಟ್ಟಿಯಲ್ಲಿ ಕಾಲಿ ಕುರ್ಚಿಯ ಅಂಕವೂ ಹುಡುಗನ ಹೆಸರಿಗೇ ಬರುತ್ತದೆ. ಗೆದ್ದವನ ಅಂಕಪಟ್ಟಿಯನ್ನು ಪ್ರತಿಭೆ ಎಂದೂ ಸೋತವನ ಅಂಕಪಟ್ಟಿಯನ್ನು ಅವನ ಹಣೆಬರಹ ಎಂದೂ ಓದುವ ಅಭ್ಯಾಸ ಮೇಲುಜಾತಿಯವರಿಗಷ್ಟೇ ಇಲ್ಲ. ನನ್ನೊಳಗೂ ಇತ್ತು. ಪಿ.ಯು.ಸಿ.ಗೆ ಹೋಗುವಾಗ ಮಾವನನ್ನು ನಾನೂ ‘ಓದಲಾರದವನು’ ಅಂದುಕೊಂಡಿದ್ದೆ.

5

ಪಾಸಿನ ಗೆರೆ ಬಂಡೆಯ ಮೇಲೆ ಕೊರೆದದ್ದಲ್ಲ, ಸರಕಾರ ಎಳೆಯುವುದು. ನಮ್ಮ ಕಣ್ಣೆದುರೇ ಅದು ಎಷ್ಟು ಸಲ ಸರಿಯಿತು ನೋಡಿರಿ. ಕೊರೊನಾ ಕಾಲದ 2021ರಲ್ಲಿ ಎರಡು ದಿನದ ಪರೀಕ್ಷೆ ನಡೆಸಿ, ತನ್ನ ಬದಲು ಬೇರೆಯವರಿಂದ ಬರೆಸಿದ ಒಬ್ಬರನ್ನು ಬಿಟ್ಟು ಎಲ್ಲರನ್ನೂ ಪಾಸು ಮಾಡಲಾಯಿತು. 2024ರಲ್ಲಿ ಖೋಲಿಗಳಿಗೆ ಕ್ಯಾಮೆರಾ ಬಂತು. ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದರೂ ಫಲಿತಾಂಶ ಹಿಂದಿನ ವರುಷದ 83.89ರಿಂದ 73.40ಕ್ಕೆ ಇಳಿಯಿತು. ಅದೇ ವರುಷದಿಂದ ಮೂರು ಪರೀಕ್ಷೆಗಳ ಪದ್ಧತಿ ಬಂತು. 2025ರ ಅಕ್ಟೋಬರಿನಲ್ಲಿ ಪಾಸಿನ ಗೆರೆಯನ್ನು 35ರಿಂದ 33ಕ್ಕೆ ಇಳಿಸುವುದಾಗಿ ಸರಕಾರ ಹೇಳಿತು. ಗೆರೆ ಇಳಿಸಿದ್ದಕ್ಕೆ ಗುಣಮಟ್ಟ ಹಾಳಾಯಿತೆಂದು ಅಳುವವರ ಜೊತೆ ನಾನಿಲ್ಲ. ಮಾಸ್ತರರಿಲ್ಲದ ಶಾಲೆಗೆ ಮಾಸ್ತರರನ್ನು ಕೊಡದೆ ಗೆರೆಯನ್ನಷ್ಟೇ ಇಳಿಸುವವರ ಜೊತೆಗೂ ಇಲ್ಲ.

ನಮ್ಮ ಓಣಿಯ ಒಬ್ಬ ಹುಡುಗಿ 2024ರಲ್ಲಿ ಹತ್ತನೇತ್ತ ಬರೆದಳು. ಪರೀಕ್ಷೆ ಮುಗಿದ ಮರುದಿನದಿಂದಲೇ ಅವ್ವನ ಜೊತೆ ಹೊಲ ಹಸನು ಮಾಡುವ ಕೂಲಿ. ಬೆಳಿಗ್ಗೆ ನೀರು ತುಂಬುವುದು, ರೊಟ್ಟಿ ಬಡಿಯುವುದು, ತಮ್ಮನನ್ನು ನೋಡಿಕೊಳ್ಳುವುದು. ಫಲಿತಾಂಶದ ದಿನವೂ ಕೂಲಿ ತಪ್ಪಿಸಲಿಲ್ಲ. ಅಣ್ಣನ ಮೊಬೈಲಿಗೆ ಸುದ್ದಿ ಬಂದಾಗ ಆಕೆ ಹೊಲದಲ್ಲಿದ್ದಳು. ಊರಿನ ಉಳಿದ ಹುಡುಗರ ಅಂಕ ವಾಟ್ಸಾಪ್ ಸ್ಟೇಟಸ್ಸಿಗೆ ಏರಿದವು, ಆಕೆಯದು ಏರಲಿಲ್ಲ. ಪೇಪರು ಹೋಗಿ ಫೋನು ಬಂದರೂ ನಾಪಾಸಾದವರಿಗೆ ಅಲ್ಲೂ ಜಾಗ ಇಲ್ಲ. ಸಂಜೆ ನನ್ನ ಹತ್ತಿರ ಬಂದು, “ಸರ್, ಗಣಿತ ಒಂದ ಹೋಗೇತ್ರಿ. ನಮ್ಮಪ್ಪಗ ನೀವ ಹೇಳ್ರಿ” ಅಂದಳು. ಹೇಳಿದೆ. ಎರಡನೆಯ ಪರೀಕ್ಷೆ ಬರೆದು ಪಾಸಾದಳು. ಆಕೆಯ ಜೊತೆಗೇ ಗಣಿತದಲ್ಲಿ ಹೋದ ಗೆಳತಿಗೆ ಹೇಳುವವರು ಯಾರೂ ಇರಲಿಲ್ಲ. ಆಕೆ ಅಷ್ಟೊತ್ತಿಗೆ ಅಪ್ಪ-ಅವ್ವನ ಜೊತೆ ದುಡಿಯಲು ಗೋವಾದ ರೈಲು ಹತ್ತಿದ್ದಳು. ಇಬ್ಬರ ನಡುವಿನ ಅಂತರ ಬುದ್ಧಿಯದಲ್ಲ. ಒಂದು ಸಂಜೆಯ ಮಾತಿನದು.

ಹಾಗಾಗಿ ಗೆಳೆಯರಲ್ಲಿ ನನ್ನ ಬೇಡಿಕೆ ಇಷ್ಟೇ. ಸಂಘಟನೆಯವರು ಫಲಿತಾಂಶದ ವಾರ ಪ್ರತಿಭಾ ಪುರಸ್ಕಾರದ ಜೊತೆಗೆ ನಾಪಾಸಾದವರ ಮನೆಗೂ ಹೋಗಬೇಕು. ನಡುವಿನಲ್ಲಿ ಬಿದ್ದವರಿಗೂ ಹಾಸ್ಟೆಲಿನಲ್ಲಿ ಹಾಸಿಗೆ ಇರಲಿ ಎಂದು ಕೇಳಬೇಕು. ಸಂಶೋಧನೆ ಮಾಡುವ ವಿದ್ಯಾರ್ಥಿಗಳು ತಂತಮ್ಮ ಊರಿನ ನಾಪಾಸಾದವರ ಮಾತನ್ನು ಬರೆದುಕೊಳ್ಳಬೇಕು. ಆ ಮಾತಿಗೆ ಕಿವಿಗೊಡದ ವಿಮರ್ಶೆ ದಲಿತ ವಿಮರ್ಶೆ ಎಂದು ಕರೆದುಕೊಳ್ಳುವುದು ಕಷ್ಟ.

ಈ ಲೇಖನಕ್ಕೆಂದು ಮಾವನನ್ನು ಕೇಳಿದೆ. ಅವನೀಗ ಗೌಂಡಿ; ಗದಗು-ಬೆಟಗೇರಿಯಲ್ಲಿ ಎಷ್ಟೋ ಮನೆ, ಎರಡು ಶಾಲೆಯ ಖೋಲಿ ಕಟ್ಟಿದ್ದಾನೆ. “ಪರೀಕ್ಷಾ ನಂಬರ ನೆನಪೈತೇನು ಮಾವಾ?” ಅಂದೆ. ಕರಣಿ ಕೆಳಗಿಟ್ಟ. ಒಂದೂ ಅಂಕಿ ತಡವರಿಸದೆ ಹೇಳಿದ. ಅದನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡೆ. “ಅದನ್ಯಾಕ ಬರಕೊಂತಿ?” ಅಂದ. “ಬರದಿಡ್ತೀನಿ ಮಾವಾ” ಅಂದೆ.